ಕೀಲೆಣ್ಣೆಯ ಚರಿತ್ರೆ

ಅರಸರು ಕಟ್ಟಿಸಿದ ಕೋಟೆಗಳಿಗೆ ಶಾಸನಗಳುಂಟು. ಮಂತ್ರಿಗಳು ಕಟ್ಟಿಸಿದ ಕೆರೆಕಟ್ಟೆಗಳಿಗೆ ಶಾಸನಗಳುಂಟು. ಕಾರ್ಖಾನೆಯನ್ನು ತೆರೆದ ದಿನ ಯಾವ ಗಣ್ಯರು ಬಂದಿದ್ದರೆಂಬುದನ್ನು ಬಾಗಿಲ ಬಳಿಯ ಅಮೃತಶಿಲೆಯ ಫಲಕವು ಸಾರುತ್ತಿರುವುದು. ಆದರೆ ಹಾಗೆ ಕಟ್ಟಿಸಿದುದು ನೂರು ವರ್ಷ ನಡೆಯುವಂತೆ ದಿನದಿನವೂ ಎಣ್ಣೆ ಹಾಕಿ, ತುಕ್ಕು ಉಜ್ಜಿ, ಸಡಿಲವಾದ ಆಣಿಯನ್ನು ಬಿಗಿಗೊಳಿಸಿದವರು ಯಾರೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಚರಿತ್ರೆಯು ಆರಂಭವನ್ನು ಬರೆದಿಡುತ್ತದೆ, ಅವಸಾನವನ್ನೂ ಬರೆದಿಡುತ್ತದೆ. ಅವೆರಡರ ನಡುವಣ ದೀರ್ಘವಾದ ಪಾಲನೆಯನ್ನು ಮಾತ್ರ ಮರೆತುಬಿಡುತ್ತದೆ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಪೂರ್ವೋತ್ತರವನ್ನು ವಿಚಾರಿಸಿದರೆ, ಈ ಮರೆತ ಅಧ್ಯಾಯವನ್ನು ಓದಿಕೊಳ್ಳುವುದಕ್ಕೆ ತಕ್ಕ ಸಾಮಗ್ರಿಯು ದೊರೆಯುವುದು. ಅದರ ಮೊದಲನೆಯ ಪುಟ ಎತ್ತಿನ ಬಂಡಿಯದು.

ಬಂಡಿಯನ್ನು ಯಂತ್ರವೆಂದರೆ ಇಂದಿನವರು ನಕ್ಕಾರು. ಆದರೆ ಉಗಿಯ ಯಂತ್ರವು ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ಮಹಾಭಾರವನ್ನು ಹೊತ್ತು ಚಲಿಸತಕ್ಕ ಯಂತ್ರವೆಂದರೆ ಅದೊಂದೇ. ಗಾಲಿಯ ನಡುವೆ ಗುಂಬ. ಗುಂಬದಿಂದ ಹೊರಟ ಅರೆಕಾಲುಗಳು. ಅವನ್ನು ಹಿಡಿದು ನಿಲ್ಲಿಸುವ ಬಾಗುಮರಗಳ ಸುತ್ತು. ಸುತ್ತಿನ ಮೇಲೆ ಕೆಂಪಗೆ ಕಾಯಿಸಿ ಕೂರಿಸಿದ ಕಬ್ಬಿಣದ ಪಟ್ಟಿ. ಎರಡು ಗಾಲಿಗಳ ನಡುವೆ ಅಚ್ಚು. ಗಾಲಿಯು ಕಳಚಿಕೊಳ್ಳದಂತೆ ಅಚ್ಚಿನ ತುದಿಯಲ್ಲಿ ಕಡಾಣಿ. ಕಡಾಣಿಯೆಂದರೆ ಕಡೆಯ ಆಣಿ. ರಥದ ಆಣಿಯನ್ನು ಇದೇ ಶಬ್ದದಿಂದ ಋಗ್ವೇದವೂ ಹೇಳಿರುವುದರಿಂದ, ಹಳ್ಳಿಯ ಗಾಡಿಯವನ ಬಾಯಲ್ಲಿರುವ ಮಾತು ಎಷ್ಟು ಹಳೆಯದೆಂಬುದನ್ನು ಊಹಿಸಿಕೊಳ್ಳಬಹುದು. ಹೆಗ್ಗಡದೇವನಕೋಟೆಯ ಕಡೆಯಂಥ ಒಣಕಾಡುಗಳಲ್ಲಿ ಬೆಳೆಯುವ ದಿಂಡಿಗದ ಮರವು ಗಟ್ಟಿಯಾಗಿಯೂ ಬಾಗಿದರೆ ಮುರಿಯದುದಾಗಿಯೂ ಇರುವುದರಿಂದ ಅಚ್ಚಿಗೆ ಹೇಳಿಮಾಡಿಸಿದಂತಹುದು. ಆಂಗ್ಲರು ಈ ಮರಕ್ಕೆ ‘ಅಚ್ಚಿನ ಮರ’ವೆಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ.

ಇಷ್ಟೆಲ್ಲ ಕೂಡಿದ ಮೇಲೂ ಬಂಡಿಯು ಒಂದು ಹರದಾರಿಯನ್ನು ಸುಖವಾಗಿ ನಡೆಯಬೇಕಾದರೆ ಮತ್ತೊಂದು ವಸ್ತು ಬೇಕು. ಅದೇ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಗಟ್ಟಿಮಾಡಿ, ಬಿದಿರಿನ ಅಂಡೆಯಲ್ಲಿಯೋ ಕೊಂಬಿನಲ್ಲಿಯೋ ತುಂಬಿ, ಬಂಡಿಯ ಕೆಳಗೆ ತೂಗುಹಾಕಿಕೊಳ್ಳುತ್ತಿದ್ದರು. ದೂರದ ಪಯಣಕ್ಕೆ ಹೊರಡುವ ಮುನ್ನ ಕಡಾಣಿಯನ್ನು ತೆಗೆದು, ಗಾಲಿಯನ್ನು ಅರ್ಧದಷ್ಟು ಹೊರಕ್ಕೆ ಎಳೆದು, ಹಳೆಯ ಕಿಲುಬನ್ನು ಒರೆಸಿ, ಕಡ್ಡಿಯಿಂದ ಹೊಸ ಎಣ್ಣೆಯನ್ನು ಸವರಿ, ಮತ್ತೆ ಗಾಲಿಯನ್ನು ಒಳಕ್ಕೆ ನೂಕಿ ಕಡಾಣಿಯನ್ನು ಬಡಿಯುವುದು ಪದ್ಧತಿ. ನೋಡುವವರಿಗೆ ಇದು ಕೊಳೆಯಾದ ಕೆಲಸ. ಆದರೆ ಇದನ್ನು ಬಿಟ್ಟವನ ಅಚ್ಚು ಗುಂಬವನ್ನು ತಿನ್ನುವುದು; ಗುಂಬವು ಸವೆದರೆ ಗಾಲಿಯು ಓಲಾಡುವುದು; ಓಲಾಡಿದ ಗಾಲಿಯ ಅರೆಕಾಲುಗಳು ಒಂದೊಂದಾಗಿ ಸಡಿಲುವುವು; ಕೊನೆಗೆ ಹೇರಿದ ಧಾನ್ಯವೆಲ್ಲ ಹಳ್ಳದ ಪಾಲಾಗುವುದು. ಮೂರು ಕಾಸಿನ ಎಣ್ಣೆಯನ್ನು ಉಳಿಸಹೋಗಿ ಮೂವತ್ತು ರೂಪಾಯಿಯ ಗಾಲಿಯನ್ನು ಕಳೆದುಕೊಂಡಂತಾಗುವುದು.

ನಮ್ಮ ಪೂರ್ವಿಕರು ಈ ಕೆಲಸವನ್ನು ಕೀಳೆಂದು ಎಣಿಸಿರಲಿಲ್ಲವೆಂಬುದಕ್ಕೆ ಶಾಸ್ತ್ರಗಳಲ್ಲಿ ಪ್ರಮಾಣವಿದೆ. ಸೋಮಯಾಗದಲ್ಲಿ ಹವಿರ್ಧಾನಗಳೆಂಬ ಎರಡು ಬಂಡಿಗಳನ್ನು ಮುಂದಕ್ಕೆ ನಡೆಸುವಾಗ ಯಜಮಾನನ ಪತ್ನಿಯೇ ಅಚ್ಚಿಗೆ ತುಪ್ಪವನ್ನು ಸವರಬೇಕೆಂಬ ವಿಧಿಯುಂಟು. ಎರಡು ಕಡೆಯೂ ಬಿಗಿದಿರುವ ಅಚ್ಚನ್ನು ಕೆಟ್ಟ ಮಾತಿನ ವರುಣನೆಂದು ತೈತ್ತಿರೀಯ ಸಂಹಿತೆಯು ಹೇಳುತ್ತದೆ. ಯಜ್ಞಶಾಲೆಯಲ್ಲಿ ಕೇಳಬಾರದ ಆ ಕಿರುಗುಟ್ಟುವ ದನಿಯನ್ನು ಶಮನಗೊಳಿಸತಕ್ಕವಳು ಮನೆಯೊಡತಿಯೇ ಸರಿ. ವೈದ್ಯಶಾಸ್ತ್ರವಂತೂ ಇನ್ನೂ ಮುಂದೆ ಹೋಗಿದೆ. ಎಣ್ಣೆಯಿಂದ ಗಡಿಗೆಯೂ ಚರ್ಮವೂ ಬಂಡಿಯ ಅಚ್ಚೂ ದೃಢವಾಗುವಂತೆ ಅಭ್ಯಂಗದಿಂದ ಶರೀರವೂ ದೃಢವಾಗುವುದೆಂದು ಚರಕಸಂಹಿತೆಯ ಸೂತ್ರಸ್ಥಾನದ ೫ನೆಯ ಅಧ್ಯಾಯವು ತಿಳಿಸುತ್ತದೆ.

ಅದೇ ಗ್ರಂಥದ ವಿಮಾನಸ್ಥಾನದ ೩ನೆಯ ಅಧ್ಯಾಯದಲ್ಲಿ ಅಗ್ನಿವೇಶನು ಒಂದು ದೊಡ್ಡ ಪ್ರಶ್ನೆಯನ್ನು ಕೇಳುತ್ತಾನೆ: ಮನುಷ್ಯನಿಗೆ ಕಾಲಮೃತ್ಯು, ಅಕಾಲಮೃತ್ಯು ಎಂಬ ಭೇದವು ನಿಜವೆ? ಇದಕ್ಕೆ ಆತ್ರೇಯನು ಕೊಡುವ ಉತ್ತರದಲ್ಲಿ ದೃಷ್ಟಾಂತವಾಗಿ ಬರುವುದು ಬಂಡಿಯ ಅಚ್ಚು. ಒಳ್ಳೆಯ ಮರದಿಂದಾದ ಅಚ್ಚು ಸರಿಯಾಗಿ ನಡೆಯುತ್ತ ಕಾಲಕ್ರಮದಿಂದ ಸವೆದು ಮುಗಿದರೆ ಅದು ಕಾಲಮೃತ್ಯು. ಅದೇ ಅಚ್ಚು ಮಿತಿಮೀರಿದ ಹೇರಿನಿಂದ, ಹಳ್ಳತಿಟ್ಟುಗಳ ದಾರಿಯಿಂದ, ದಾರಿಯಲ್ಲದ ದಾರಿಯಿಂದ, ಚಕ್ರಭಂಗದಿಂದ, ಎತ್ತಿನ ಅಥವಾ ಹೊಡೆಯುವವನ ದೋಷದಿಂದ, ಆಣಿ ಕಳಚುವುದರಿಂದ, ಎಣ್ಣೆ ಸವರದೆ ಬಿಡುವುದರಿಂದ, ಮಗುಚಿಬೀಳುವುದರಿಂದ ನಡುವೆಯೇ ಮುರಿದರೆ ಅದು ಅಕಾಲಮೃತ್ಯು. ಸುಮಾರು ೨೦೦೦ ವರ್ಷಗಳ ಹಿಂದಿನ ಈ ಪಟ್ಟಿಯಲ್ಲಿ ಇಂದಿನ ಯಂತ್ರಶಾಲೆಯ ಮೇಲ್ವಿಚಾರಕನು ಹೊಸದಾಗಿ ಸೇರಿಸಬೇಕಾದುದು ಬಹಳವಿಲ್ಲ. ಹೇರು, ದಾರಿ, ನಡೆಸುವವನು, ಆಣಿ, ಎಣ್ಣೆ: ಯಂತ್ರದ ಆಯುಸ್ಸು ಈ ಐದರ ಕೈಯಲ್ಲಿರುವುದು. ಇವುಗಳಲ್ಲಿ ಒಂದೂ ಅದನ್ನು ಮೊದಲು ನಿರ್ಮಿಸಿದವನ ಕೈಯಲ್ಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಶಾಸ್ತ್ರದ ಈ ಮಾತು ನಮ್ಮ ಸೀಮೆಯಲ್ಲಿ ಹೇಗೆ ನಿಜವಾಯಿತೆಂಬುದನ್ನು ಹುಣಸೂರಿನಲ್ಲಿ ಕಾಣಬಹುದು. ಮೈಸೂರಿಗೆ ಪಶ್ಚಿಮದಲ್ಲಿ ಸುಮಾರು ೨೮ ಮೈಲಿಗಳ ದೂರದಲ್ಲಿ, ಲಕ್ಷ್ಮಣತೀರ್ಥದ ದಡದಲ್ಲಿ, ಕೊಡಗಿಗೆ ಹೋಗುವ ಹೆದ್ದಾರಿಯ ಮೇಲೆ ಇರುವ ಈ ಊರು ಬಹುಕಾಲ ಅಮೃತಮಹಲಿನ ಮುಖ್ಯಸ್ಥಾನವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೨–೧೭೦೪) ಬೆಣ್ಣೆಚಾವಡಿಯೆಂದು ಹೆಸರಾದ ರಾಜಗೋವುಗಳ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆನಿಸಿತು. ಹೈದರನು ೧೭೮೧ರಲ್ಲಿ ಚಿದಂಬರದ ನೆರವಿಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿಗಳನ್ನು ಕ್ರಮಿಸಿದುದು ಈ ಎತ್ತುಗಳ ಬಲದಿಂದಲೇ. ಸೋತಾಗಲೂ ಶತ್ರುವಿನ ಕಣ್ಣೆದುರಿಗೆ ಫಿರಂಗಿಗಳನ್ನು ಎಳೆದುಕೊಂಡು ಹೋಗಲು ಸಾಧ್ಯವಾದುದೂ ಇವುಗಳಿಂದಲೇ. ೧೭೯೯ರ ತರುವಾಯ ಸರಿಯಾದ ನಿಗಾ ಇಲ್ಲದೆ ಈ ತಳಿಯು ಕ್ಷೀಣಿಸುತ್ತ ಬಂದುದರಿಂದ, ೧೮೧೩ರಲ್ಲಿ ಮದರಾಸಿನ ಕುಂಪಣಿ ಸೇನೆಯವರು ಅದನ್ನು ವಹಿಸಿಕೊಂಡು ಕ್ಯಾಪ್ಟನ್ ಹಾರ್ವೆ ಎಂಬಾತನ ಕೈಗೆ ಒಪ್ಪಿಸಿದರು.

ಎತ್ತುಗಳಿದ್ದೆಡೆಯಲ್ಲಿ ನೊಗ ಬೇಕು, ಮಿಣಿ ಬೇಕು, ಬಂಡಿ ಬೇಕು. ಹೀಗೆ ಹುಣಸೂರಿನಲ್ಲಿ ಸೇನೆಯ ದೊಡ್ಡ ಕಾರ್ಖಾನೆಯೊಂದು ಬೆಳೆಯಿತು. ತೊಗಲನ್ನು ಹದಮಾಡುವ ಶಾಲೆ, ಸಿಪಾಯಿಗಳ ಬೂಟುಗಳನ್ನೂ ಬೆನ್ನುಚೀಲಗಳನ್ನೂ ಹೊಲಿಯುವ ಶಾಲೆ, ಕಂಬಳಿಗಳನ್ನು ನೆಯ್ಯುವ ಶಾಲೆ, ಬಂಡಿಗಳನ್ನು ಕಟ್ಟುವ ಮರದ ಅಂಗಳ, ಇವೆಲ್ಲ ಅಲ್ಲಿದ್ದವು. ಪಶ್ಚಿಮದ ಕಾಡುಗಳು ಹತ್ತಿರದಲ್ಲಿಯೇ ಇದ್ದುದರಿಂದ ಮರಕ್ಕೆ ಕೊರತೆಯಿರಲಿಲ್ಲ, ತೊಗಲನ್ನು ಹದಮಾಡಲು ಬೇಕಾದ ತಂಗಡಿಯ ತೊಗಟೆಯು ಮೈಸೂರು ಸೀಮೆಯ ಬಯಲುಗಳಲ್ಲಿ ಯಥೇಚ್ಛವಾಗಿತ್ತು, ನದಿಯಲ್ಲಿ ನೀರಿತ್ತು. ಬಡಗಿಯೂ ಕಮ್ಮಾರನೂ ಚಮ್ಮಾರನೂ ಕುರುಬನೂ ತಮ್ಮ ಕುಲವಿದ್ಯೆಗೆ ಸೇನೆಯ ಅಳತೆಯನ್ನು ಕಲಿತರು. ಸೇನೆಗೆ ಬೇಕಾದುದು ಒಂದು ಚೆಂದದ ಬಂಡಿಯಲ್ಲ; ಒಂದೇ ಅಳತೆಯ ನೂರು ಬಂಡಿಗಳು. ಒಂದರ ಗಾಲಿ ಮುರಿದರೆ ಇನ್ನೊಂದರ ಗಾಲಿಯನ್ನು ಅಲ್ಲಿಯೇ ತೊಡಿಸುವಂತಿರಬೇಕು. ರಿಪೇರಿಯ ಸೌಕರ್ಯವನ್ನು ನಿರ್ಮಾಣದ ಕಾಲದಲ್ಲಿಯೇ ಯೋಚಿಸುವುದು ಇಂಥ ಕಾರ್ಖಾನೆಗಳ ಮುಖ್ಯವಾದ ಪಾಠ.

ಈ ಕಾರ್ಖಾನೆಯನ್ನು ೧೮೬೪ರಲ್ಲಿ ಮುಚ್ಚಿಬಿಟ್ಟರು. ಅದಕ್ಕೂ ಮುಂಚೆ ೧೮೬೦ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಅವರು ಖರ್ಚನ್ನು ಉಳಿಸುವುದಕ್ಕಾಗಿ ಅಮೃತಮಹಲಿನ ಮಂದೆಗಳನ್ನು ಮಾರುವಂತೆ ಆಜ್ಞೆಮಾಡಿದ್ದರು. ನೂರೈವತ್ತು ವರ್ಷಗಳಿಗೂ ಮಿಕ್ಕಿ ಆಯ್ದು ಬೆಳಸಿದ ತಳಿಯು ಹರಾಜಿನಲ್ಲಿ ಚೆದರಿಹೋಯಿತು. ಆಮೇಲೆ ಫಿರಂಗಿಗಳನ್ನು ಎಳೆಯಲು ತಕ್ಕ ಎತ್ತುಗಳು ಸಿಕ್ಕದೆ ತಪ್ಪಿನ ಅರಿವಾಗಿ, ೧೮೬೬ರಲ್ಲಿ ಬಹು ಪ್ರಯಾಸದಿಂದ ಮಂದೆಯನ್ನು ಮತ್ತೆ ಕೂಡಿಸಬೇಕಾಯಿತು. ಪಾಲನೆಯ ವೆಚ್ಚವು ಲೆಕ್ಕದ ಪುಸ್ತಕದಲ್ಲಿ ವರ್ಷವರ್ಷವೂ ಕಣ್ಣಿಗೆ ಬೀಳುತ್ತದೆ. ಪಾಲನೆಯಿಂದ ತಪ್ಪಿದ ನಷ್ಟವು ಯಾವ ಪುಟದಲ್ಲಿಯೂ ಕಾಣುವುದಿಲ್ಲ. ಆದುದರಿಂದಲೇ ಮಿತವ್ಯಯದ ಕತ್ತರಿಯು ಮೊದಲು ಅದರ ಮೇಲೆಯೇ ಬೀಳುವುದು. ಆದರೆ ಕಡಿದುದನ್ನು ಮರಳಿ ಬೆಳಸುವಾಗ ತೆರಬೇಕಾದ ಬೆಲೆ ಬೇರೆ.

ಕಾರ್ಖಾನೆಯು ಹೋದರೂ ವಿದ್ಯೆಯು ಹೋಗಲಿಲ್ಲ. ಹುಣಸೂರಿನಲ್ಲಿ ಒಳ್ಳೆಯ ಬಂಡಿಗಳೂ ಕಂಬಳಿಗಳೂ ಬಳಿಕ ಬಹುಕಾಲ ತಯಾರಾಗುತ್ತಿದ್ದುದನ್ನು ಇಂಗ್ಲಿಷಿನ ಗ್ಯಾಸೆಟಿಯರುಗಳು ಮೆಚ್ಚಿ ಬರೆದಿವೆ. ಸರ್ಕಾರದ ಕಟ್ಟಡದಲ್ಲಿ ಕಲಿತ ಕೈಗಳು ತಮ್ಮ ಮನೆಯ ಜಗಲಿಗಳಲ್ಲಿ ಕೆಲಸವನ್ನು ಮುಂದುವರಿಸಿದವು. ಬೇಸಗೆಯಲ್ಲಿ ಮರವು ಒಣಗಿ ಕುಗ್ಗಿದಾಗ ಗಾಲಿಯ ಪಟ್ಟಿಯು ಸಡಿಲವಾಗುವುದು. ಆಗ ಗಾಡಿಯವನು ಗಾಲಿಗಳನ್ನು ನೀರಿನಲ್ಲಿ ನೆನೆಹಾಕುವನು. ಅದರಿಂದಲೂ ಬಿಗಿಯದಿದ್ದರೆ ಕಮ್ಮಾರನು ಪಟ್ಟಿಯನ್ನು ಕಳಚಿ, ತುಸು ಕತ್ತರಿಸಿ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ ಕೂಡಲೇ ನೀರೆರೆಯುವನು. ಕುಗ್ಗಿದ ಕಬ್ಬಿಣವು ಮರವನ್ನು ಅಪ್ಪಿ ಹಿಡಿಯುವುದು. ಸಂಕ್ರಾಂತಿಯ ಸಮಯಕ್ಕೆ ಕೃಷ್ಣರಾಜನಗರದ ಸೀಮೆಯ ಚುಂಚನಕಟ್ಟೆಯಲ್ಲಿ ಸೇರುವ ದನಗಳ ಜಾತ್ರೆಗೆ ಬಂಡಿ ಹೂಡುವ ಮುನ್ನ ಇಂಥ ಕೆಲಸವೆಲ್ಲ ಮುಗಿದಿರಬೇಕಾಗಿತ್ತು. ರಬ್ಬರಿನ ಗಾಲಿಗಳೂ ಟ್ರ್ಯಾಕ್ಟರುಗಳೂ ಬಂದ ಮೇಲೆ ಈ ವಿದ್ಯೆಯು ವಿರಳವಾಗಿದೆ. ಆದರೆ ಒಂದು ವಿಷಯವನ್ನು ಅದು ತೋರಿಸಿಕೊಟ್ಟಿದೆ: ಯಂತ್ರಶಾಲೆಯು ಗೋಡೆಗಳಲ್ಲಿಲ್ಲ, ಕೈಗಳಲ್ಲಿದೆ.

ಇತ್ತ ಕೀಲೆಣ್ಣೆಯು ಬಂಡಿಯ ಕೆಳಗಿನ ಅಂಡೆಯನ್ನು ಬಿಟ್ಟು ದೊಡ್ಡ ಲೋಕವನ್ನು ಸೇರಿತು. ಹಿಂದೂದೇಶದಲ್ಲಿ ರೈಲುಗಳು ಓಡಲು ಆರಂಭವಾದ ಮೇಲೆ ಅವುಗಳ ಅಚ್ಚುಗಳಿಗೂ ಬಹುಕಾಲ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ೧೯೧೪ರಿಂದ ೧೯೧೮ರ ವರೆಗಿನ ಮಹಾಯುದ್ಧದಲ್ಲಿ ಆಕಾಶಕ್ಕೆ ಏರಿದ ವಿಮಾನಗಳಲ್ಲಿ ಅನೇಕವು ತಿರುಗುವ ಇಂಜಿನ್ನುಗಳಿಂದ ನಡೆಯುತ್ತಿದ್ದವು. ಅವುಗಳಿಗೆ ತಕ್ಕ ಎಣ್ಣೆಯೂ ಇದೇ. ಹೊಲದ ಬದುವಿನಲ್ಲಿ ಬೆಳೆದ ಹರಳಿನ ಬೀಜವು ಮೋಡಗಳ ಮಟ್ಟಕ್ಕೆ ಹೋಯಿತು. ಬಂಡಿಯಾದರೇನು, ವಿಮಾನವಾದರೇನು? ಎರಡು ಗಟ್ಟಿವಸ್ತುಗಳು ಒಂದನ್ನೊಂದು ಉಜ್ಜುವೆಡೆಯಲ್ಲಿ ನಡುವೆ ಒಂದು ಮೃದುವಸ್ತುವಿರಬೇಕೆಂಬ ಧರ್ಮವು ಒಂದೇ.

ಉಗಿಯ ಯಂತ್ರದೊಡನೆ ಅಪಾಯದ ಪ್ರಮಾಣವೂ ಬೆಳೆಯಿತು. ಎಣ್ಣೆಯಿಲ್ಲದ ಬಂಡಿಯು ಗಾಡಿಯವನನ್ನು ಮಾತ್ರ ಬೀಳಿಸೀತು. ಪಾಲನೆಯಿಲ್ಲದ ಬಾಯ್ಲರು ಸುತ್ತಲಿದ್ದವರೆಲ್ಲರನ್ನೂ ಕೊಲ್ಲುವುದು. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಪ್ರಾಣಹಾನಿಯಾದುದರಿಂದ ಮರುವರ್ಷ ವಂಗದೇಶದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾನೂನು ಹುಟ್ಟಿತು. ಹುಣಸೂರಿನ ಕಾರ್ಖಾನೆಯನ್ನು ಮುಚ್ಚಿದ ೧೮೬೪ನೆಯ ಇಸವಿಯೇ ಅದು. ೧೯೨೩ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯಾಯಿತು. ಅದರ ಸ್ಥಾನದಲ್ಲಿ ೨೦೨೫ರಲ್ಲಿ ಹೊಸ ಕಾಯಿದೆಯು ಬಂದಿದೆ. ಗಡುವಿಗೆ ಸರಿಯಾಗಿ ಪರೀಕ್ಷೆಮಾಡಿಸದೆ ಬಾಯ್ಲರನ್ನು ಉರಿಸಕೂಡದೆಂಬುದೇ ಇವುಗಳ ಸಾರಾಂಶ. ಪಾಲನೆಯನ್ನು ರಾಜಾಜ್ಞೆಯನ್ನಾಗಿ ಮಾಡಿದುದಕ್ಕೆ ಜೀವಗಳ ಬೆಲೆಯನ್ನು ತೆರಬೇಕಾಯಿತೆಂಬುದು ಖೇದಕರವಾದ ಸಂಗತಿ.

ಈ ನಾಲ್ಕು ತಾಲ್ಲೂಕುಗಳಲ್ಲಿ ಇದೇ ಧರ್ಮವು ಇನ್ನೂ ಎರಡೆಡೆಗಳಲ್ಲಿ ಕಾಣಬರುತ್ತದೆ. ಮೊದಲನೆಯದು ಚುಂಚನಕಟ್ಟೆಯಲ್ಲಿ ಕಟ್ಟಿದಂಥ ಸಕ್ಕರೆಯ ಕಾರ್ಖಾನೆ. ಕಬ್ಬನ್ನು ಅರೆಯುವ ತಿಂಗಳುಗಳಲ್ಲಿ ಹಗಲಿರುಳೂ ನಿಲ್ಲದೆ ತಿರುಗುವ ಇಂಥ ಕಾರ್ಖಾನೆಯು, ಕಬ್ಬು ಮುಗಿದ ಮೇಲೆ ಸುಮ್ಮನಿರುವುದಿಲ್ಲ. ಆಗ ಅದನ್ನು ಬಿಚ್ಚಿ ಹರಡುವರು. ಸವೆದ ರೋಲರುಗಳಿಗೆ ಮತ್ತೆ ಗೀರುಗಳನ್ನು ಕೊರೆಯುವರು; ಬಾಯ್ಲರಿನ ಕೊಳವೆಗಳ ಒಳಗೆ ನೀರಿನ ಸುಣ್ಣವು ಹಕ್ಕಳೆಗಟ್ಟಿರುವುದನ್ನು ಕೆರೆದು ತೆಗೆಯುವರು. ಆ ಹಕ್ಕಳೆಯು ಉಳಿದರೆ ಬೆಂಕಿಯ ಶಾಖವು ನೀರಿಗೆ ತಲಪದೆ ಕೊಳವೆಯೇ ಕಾದು ಒಡೆಯುವುದು. ಹೊರಗಿನವರಿಗೆ ಕಾರ್ಖಾನೆಯು ನಿಂತಂತೆ ಕಾಣುವ ಈ ಕಾಲವೇ ಅದರ ಆರೋಗ್ಯದ ಕಾಲ. ಎರಡನೆಯದು ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಬ್ಯಾರನ್. ಒಲೆಯಿಂದ ಹೊರಟ ತಗಡಿನ ಕೊಳವೆಗಳು ಮನೆಯೊಳಗೆ ಹಾದು ಸೊಪ್ಪನ್ನು ಒಣಗಿಸುವುವು. ಕಡೆಯ ದಿನಗಳಲ್ಲಿ ಒಳಗಿನ ಶಾಖವು ಫ್ಯಾರನ್‌ಹೀಟ್ ಮಾನದಲ್ಲಿ ಸುಮಾರು ೧೬೦ ಡಿಗ್ರಿಗೆ ಏರುವುದು. ಬುದ್ಧಿವಂತನಾದ ಬೇಸಾಯಗಾರನು ಎಲೆಯನ್ನು ಕೀಳುವ ಮುಂಚೆಯೇ ಕೊಳವೆಗಳ ಮಸಿಯನ್ನು ತೆಗೆದು, ತುಕ್ಕು ತಿಂದ ತೂತುಗಳನ್ನು ಹುಡುಕಿ ಮುಚ್ಚುವನು. ಒಂದು ತೂತಿನಿಂದ ಹಾರಿದ ಕಿಡಿಯು ವರ್ಷದ ದುಡಿಮೆಯನ್ನೆಲ್ಲ ಒಂದು ಗಳಿಗೆಯಲ್ಲಿ ಬೂದಿಮಾಡಬಲ್ಲುದು.

ಇವುಗಳೆಲ್ಲಕ್ಕಿಂತ ದೊಡ್ಡ ಯಂತ್ರಗಳು ಅಣೆಕಟ್ಟೆಗಳ ಬಾಗಿಲುಗಳು. ೧೯೧೧ರಲ್ಲಿ ಆರಂಭವಾಗಿ ೧೯೩೨ರ ಹೊತ್ತಿಗೆ ಪೂರ್ತಿಯಾದ ಕೃಷ್ಣರಾಜಸಾಗರದ ಹಿನ್ನೀರು ಕೃಷ್ಣರಾಜನಗರದ ಸೀಮೆಯನ್ನು ಮುಟ್ಟುವುದು. ನೀರಿನ ಮಟ್ಟಕ್ಕೆ ತಕ್ಕಂತೆ ತಾವಾಗಿ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ವಿಶ್ವೇಶ್ವರಯ್ಯನವರು ಮೊದಲು ೧೯೦೩ರಲ್ಲಿ ಪುಣೆಯ ಬಳಿಯ ಖಡಕವಾಸಲದಲ್ಲಿ ಕೂಡಿಸಿ, ಬಳಿಕ ಇಲ್ಲಿಯೂ ಬಳಸಿದರು. ತಾವಾಗಿ ತೆರೆಯುವ ಬಾಗಿಲಿಗೂ ತಾನಾಗಿ ಎಣ್ಣೆ ಹಚ್ಚಿಕೊಳ್ಳುವ ಶಕ್ತಿಯಿಲ್ಲ. ಈ ಕಟ್ಟೆಯ ಹಳೆಯ ಬಾಗಿಲುಗಳನ್ನು ತೆಗೆದು ಹೊಸವನ್ನು ಕೂಡಿಸುವ ಕೆಲಸವು ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ೧೯೭೪ರಲ್ಲಿ ಮುಗಿದ ಕಬಿನಿಯ ಕಟ್ಟೆಯು ಸಮುದ್ರಮಟ್ಟಕ್ಕೆ ೨೨೮೪ ಅಡಿಗಳ ಎತ್ತರದ ವರೆಗೆ ೧೯.೫೨ ಟಿ.ಎಂ.ಸಿ. ನೀರನ್ನು ಹಿಡಿಯುವುದು. ಇಷ್ಟು ನೀರು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳದಂತೆ ತಡೆದಿರುವುದು ಕೆಲವು ಉಕ್ಕಿನ ಬಾಗಿಲುಗಳು, ಅವುಗಳ ಕೀಲುಗಳು ಮತ್ತು ಅವುಗಳನ್ನು ಎತ್ತಿಳಿಸುವ ಯಂತ್ರಗಳು.

ಇದು ಬರಿಯ ಶಂಕೆಯಲ್ಲವೆಂಬುದನ್ನು ೨೦೨೪ನೆಯ ಆಗಸ್ಟ್ ೧೦ರ ರಾತ್ರಿಯು ನಾಡಿಗೆಲ್ಲ ತಿಳಿಸಿತು. ೧೯೫೩ರಿಂದ ಕೆಲಸಮಾಡುತ್ತಿದ್ದ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಳಿಯು ಕಡಿದು, ಬಾಗಿಲೇ ನೀರಿನಲ್ಲಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ತಡೆಯಿಲ್ಲದೆ ಹೊರಟಿತು. ಬೇರೆ ಬಾಗಿಲುಗಳನ್ನೂ ತೆರೆದು ಭಾರವನ್ನು ಇಳಿಸಬೇಕಾಯಿತು. ನದಿಯ ಕೆಳಗಿನ ಊರುಗಳ ಜನ ನಿದ್ದೆಗೆಟ್ಟರು; ಕಾಲುವೆಯ ರೈತರು ಬೆಳೆಯ ಆಸೆಯನ್ನು ಬಿಡುವ ಸ್ಥಿತಿಗೆ ಬಂದರು. ಬಾಗಿಲುಗಳ ವಿದ್ಯೆಯಲ್ಲಿ ಪರಿಣತರಾದ ಕನ್ನಯ್ಯನಾಯುಡು ಅವರ ಮಾರ್ಗದರ್ಶನದಲ್ಲಿ, ಹರಿಯುತ್ತಿದ್ದ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಲಾಯಿತು. ಚರಕಸಂಹಿತೆಯ ಪಟ್ಟಿಯಲ್ಲಿ ಇದಕ್ಕೆ ಸಮೀಪವಾದ ಹೆಸರು ಆಣಿ ಕಳಚುವುದು. ಕಟ್ಟೆಯು ಕಲ್ಲಿನಂತೆ ನಿಂತೇ ಇತ್ತು. ಸರಪಳಿಯ ಒಂದು ಕೊಂಡಿಯು ನಿಲ್ಲಲಿಲ್ಲ.

ಕಿವಿಯುಳ್ಳವನಿಗೆ ಯಂತ್ರವು ತನ್ನ ನೋವನ್ನು ಮುಂಚಿತವಾಗಿಯೇ ಹೇಳುವುದುಂಟು. ೧೧ನೆಯ ಶತಮಾನದ ಭೋಜರಾಜನ ಸಮರಾಂಗಣ ಸೂತ್ರಧಾರವೆಂಬ ಗ್ರಂಥದ ಯಂತ್ರಾಧ್ಯಾಯದಲ್ಲಿ ಒಳ್ಳೆಯ ಯಂತ್ರದ ಗುಣಗಳನ್ನು ಎಣಿಸುವಾಗ ಸದ್ದಿಲ್ಲದಿರುವಿಕೆ, ನುಣುಪು, ಸಡಿಲವಾಗದಿರುವಿಕೆ, ಅತಿಯಾಗಿ ಬಿಗಿಯದಿರುವಿಕೆ, ಇವುಗಳನ್ನೂ ಸೇರಿಸಿದೆ. ಇವು ನಿರ್ಮಾಣದ ದಿನದ ಗುಣಗಳು ಮಾತ್ರವಲ್ಲ; ಪ್ರತಿದಿನ ಬೆಳಗ್ಗೆ ಹೊಸದಾಗಿ ಸಂಪಾದಿಸಿಕೊಳ್ಳಬೇಕಾದ ಗುಣಗಳು. ಗಾಡಿಯವನು ಎತ್ತಿನ ಗೊರಸಿನ ಸಪ್ಪಳದ ನಡುವೆ ಅಚ್ಚಿನ ಕಿರುಗುಟ್ಟನ್ನು ಬೇರೆಯಾಗಿ ಕೇಳಬಲ್ಲನು. ಕಾರ್ಖಾನೆಯ ಹಳೆಯ ಫಿಟ್ಟರು ನೂರು ಗದ್ದಲಗಳ ನಡುವೆ ಒಂದು ಬೇರಿಂಗಿನ ಹೊಸ ದನಿಯನ್ನು ಗುರುತಿಸುವನು. ಇಂಥ ಕಿವಿಯನ್ನು ಹಣಕೊಟ್ಟು ಪರದೇಶದಿಂದ ತರಿಸಲಾಗುವುದಿಲ್ಲ.

ಹಿಂದಿನವರು ಇದಕ್ಕೆ ಏನು ಉಪಾಯ ಮಾಡಿದ್ದರೆಂಬುದನ್ನು ಕನ್ನಡನಾಡಿನ ಶಾಸನಗಳು ತಿಳಿಸುತ್ತವೆ. ಕೆರೆಯನ್ನು ಕಟ್ಟಿಸಿದಾಗ ಅದರ ಪಾಲನೆಗಾಗಿ ಕೆರೆಯ ಕೆಳಗೆಯೇ ಭೂಮಿಯನ್ನು ಬಿಡುತ್ತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಹೀಗೆ ಬಂದವು. ಹೂಳನ್ನು ಎತ್ತುವವನಿಗೆ, ಏರಿಯನ್ನು ಬಲಪಡಿಸುವವನಿಗೆ, ತೂಬನ್ನು ಕಾಯುವವನಿಗೆ ಆ ಕೆರೆಯ ನೀರಿನಿಂದ ಬೆಳೆದ ಬತ್ತವೇ ಜೀವನಾಧಾರ. ಕೆರೆಯು ಉಳಿದರೆ ಅವನ ಅನ್ನವೂ ಉಳಿಯುವುದು. ಕೆರೆಯು ಒಡೆದರೆ ಅವನ ಹೊಲವೂ ಹೋಗುವುದು. ಪಾಲಕನ ಹಿತವನ್ನೂ ಪಾಲಿತವಾದುದರ ಹಿತವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಈ ಏರ್ಪಾಡು, ಕಟ್ಟಿಸಿ ಮರೆಯುವವರಿಗೆ ಹೊಳೆಯತಕ್ಕುದಲ್ಲ.

ಮಹಾನವಮಿಯ ದಿನ ಮೈಸೂರು ಸೀಮೆಯಲ್ಲೆಲ್ಲ ಆಯುಧಪೂಜೆಯು ನಡೆಯುವುದು. ನೇಗಿಲು, ಬಂಡಿ, ಗಿರಣಿ, ಟ್ರ್ಯಾಕ್ಟರು, ಬಸ್ಸು, ಎಲ್ಲಕ್ಕೂ ಅರಿಸಿನ ಕುಂಕುಮಗಳು, ಬೂದುಗುಂಬಳಕಾಯಿ, ಚೆಂಡುಹೂವಿನ ಹಾರ. ಆದರೆ ಹಾರವನ್ನು ಹಾಕುವುದಕ್ಕೆ ಮುಂಚೆ ಆ ಯಂತ್ರವನ್ನು ತೊಳೆಯಬೇಕು, ತೊಳೆಯುವಾಗ ಮುಟ್ಟಬೇಕು, ಮುಟ್ಟಿದಾಗ ಬಿರುಕೂ ಸಡಿಲವೂ ಕೈಗೆ ತಗಲುವುವು. ವರ್ಷಕ್ಕೊಂದು ಸಲವಾದರೂ ಪ್ರತಿಯೊಂದು ಕೀಲನ್ನೂ ಕೈಯಾರೆ ಮುಟ್ಟಿ ನೋಡುವಂತೆ ಮಾಡಿದುದೇ ಈ ಹಬ್ಬದ ಉಪಕಾರ. ಆಗ ಸಿಕ್ಕಿದ ಸಡಿಲವನ್ನು ಬಿಗಿಮಾಡದೆ ಹಾರವನ್ನು ಮಾತ್ರ ಹಾಕಿದರೆ ಪೂಜೆಯು ಅರ್ಧವೇ ಆದಂತೆ. ಹಾರವು ಮರುದಿನ ಬಾಡುವುದು. ಮಿಕ್ಕ ದಿನಗಳಲ್ಲಿ ಯಂತ್ರವನ್ನು ಕಾಯುವುದು ಅಂಡೆಯೊಳಗಿನ ಕರಿಯ ಕೀಲೆಣ್ಣೆ, ಮತ್ತು ಅದನ್ನು ಮರೆಯದೆ ಸವರುವ ಕೈ.